ಬೆಂಗಳೂರು ಹೊರವಲಯದ ಹವ್ಯಾಸಿ ಖಗೋಳ ಛಾಯಾಗ್ರಹಣ

ಹವ್ಯಾಸಿ ಖಗೋಳ ಛಾಯಾಗ್ರಹಣ ಎಂದರೆ ವೃತ್ತಿಯಿಂದ ಖಗೋಳವಿಜ್ಞಾನಿಗಳಲ್ಲದವರು ಚಂದ್ರ, ಗ್ರಹ, ಧೂಮಕೇತು, ನಕ್ಷತ್ರಗುಚ್ಛ, ನೀಹಾರಿಕೆ, ಆಕಾಶಗಂಗೆ ಮೊದಲಾದವುಗಳ ಚಿತ್ರಗಳನ್ನು ತೆಗೆಯುವ ಹವ್ಯಾಸ. ಮನುಷ್ಯನ ಕಣ್ಣು ತನ್ನ ಮೇಲೆ ಬಿದ್ದ ಬೆಳಕನ್ನು ಕೂಡಿಸಿಡಲಾರದು. ಕ್ಯಾಮರಾದ ಸಂವೇದಕವಾದರೋ ನಿಮಿಷಗಟ್ಟಲೆ, ಗಂಟೆಗಟ್ಟಲೆ ಬೆಳಕನ್ನು ಸಂಗ್ರಹಿಸಬಲ್ಲದು. ಬರಿಗಣ್ಣಿಗೆ ಮಸುಕಾಗಿ ತೋರುವ ಅಥವಾ ತೋರದೆಯೇ ಹೋಗುವ ಕಾಯಗಳು ಚಿತ್ರದಲ್ಲಿ ರೂಪವನ್ನೂ ಬಣ್ಣವನ್ನೂ ಪಡೆಯುವುದು ಈ ಕಾರಣದಿಂದ.

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಮುಂತಾದ ಉದ್ಯಮ ಪ್ರದೇಶಗಳಲ್ಲಿ ನೆಲೆಸಿರುವ ಹವ್ಯಾಸಿಗಳಿಗೆ ಇಂದು ಉಪಕರಣ ದುರ್ಲಭವಲ್ಲ; ಕತ್ತಲೆ ದುರ್ಲಭ. ಆದ್ದರಿಂದ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ನಗರದಿಂದ ದೂರದ ಕತ್ತಲ ತಾಣಗಳಿಗೆ ಪ್ರಯಾಣ ಮಾಡುವುದು ಇಲ್ಲಿಯ ಖಗೋಳ ಛಾಯಾಗ್ರಹಣದ ಅವಿಭಾಜ್ಯ ಅಂಗವಾಗಿದೆ.

## ಹಿನ್ನೆಲೆ

ಆಕಾಶಕಾಯಗಳ ಛಾಯಾಗ್ರಹಣಕ್ಕೆ ಛಾಯಾಗ್ರಹಣ ಕಲೆಯಷ್ಟೇ ವಯಸ್ಸು. ಅಮೆರಿಕದ ಜಾನ್ ವಿಲಿಯಂ ಡ್ರೇಪರ್ 1840ರಲ್ಲಿ ಚಂದ್ರನ ಚಿತ್ರವನ್ನು ಪಡೆದನು. ಅವನ ಮಗ ಹೆನ್ರಿ ಡ್ರೇಪರ್ 1880ರಲ್ಲಿ ಮಹಾವ್ಯಾಧ (ಓರಿಯನ್) ಪುಂಜದ ನೀಹಾರಿಕೆಯನ್ನು ಚಿತ್ರಿಸಿದನು. 1969ರಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅವರು ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಸಿಸಿಡಿ ಎಂಬ ವಿದ್ಯುನ್ಮಾನ ಸಾಧನವು ಗಾಜಿನ ಫಲಕ ಹಾಗೂ ಫಿಲ್ಮುಗಳ ಸ್ಥಾನವನ್ನು ಕ್ರಮೇಣ ಆಕ್ರಮಿಸಿತು. ಈ ಆವಿಷ್ಕಾರಕ್ಕಾಗಿ ಅವರಿಬ್ಬರಿಗೂ 2009ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ದಕ್ಷಿಣ ಭಾರತದಲ್ಲಿ ಈ ಕಾರ್ಯದ ಪರಂಪರೆ ದೀರ್ಘವಾದುದು. ಕೊಡೈಕೆನಾಲ್ ಸೌರ ವೀಕ್ಷಣಾಲಯದಲ್ಲಿ 20ನೆಯ ಶತಮಾನದ ಆರಂಭದಿಂದಲೂ ಸೂರ್ಯನ ಚಿತ್ರಗಳನ್ನು ತೆಗೆಯಲಾಗುತ್ತಿದೆ. ಅಲ್ಲಿನ ನಿರ್ದೇಶಕರಾಗಿದ್ದ ಎಂ. ಕೆ. ವೇಣು ಬಾಪ್ಪು ಅವರು ವಿದ್ಯಾರ್ಥಿಯಾಗಿದ್ದಾಗ, 1949ರಲ್ಲಿ, ಹಾರ್ವರ್ಡ್‌ನಲ್ಲಿ ಛಾಯಾಚಿತ್ರ ಫಲಕವೊಂದರ ಮೇಲೆ ಧೂಮಕೇತುವನ್ನು ಗುರುತಿಸಿದ್ದರು; ಅದು ಬಾಪ್ಪು–ಬಾಕ್–ನ್ಯೂಕರ್ಕ್ ಧೂಮಕೇತು ಎಂದು ಪ್ರಸಿದ್ಧವಾಯಿತು. ರಾತ್ರಿಯ ವೀಕ್ಷಣೆಗೆ ಕತ್ತಲೆಯ ನೆಲೆಯೊಂದು ಬೇಕೆಂದು ಅವರು ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರನ್ನು ಆರಿಸಿದರು. ಅಲ್ಲಿಯ 2.34 ಮೀಟರ್ ವ್ಯಾಸದ ದೂರದರ್ಶಕವು 1986ರ ಜನವರಿಯಲ್ಲಿ ಉದ್ಘಾಟನೆಗೊಂಡಿತು.

ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯು ಈ ಎರಡೂ ವೀಕ್ಷಣಾಲಯಗಳನ್ನು ನಡೆಸುತ್ತದೆ. ವೈಟ್‌ಫೀಲ್ಡಿಗೆ ಸಮೀಪದ ಹೊಸಕೋಟೆಯಲ್ಲಿ ಸಂಸ್ಥೆಗೆ ಇನ್ನೊಂದು ಆವರಣವಿದೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ ಸ್ಥಾಪಿತವಾಗಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಿಂದಲೇ ನಿಯಂತ್ರಿಸಲಾಗುತ್ತದೆ. ದೇಶದ ಅತ್ಯಂತ ಕತ್ತಲೆಯ ಆಕಾಶಗಳಲ್ಲೊಂದನ್ನು ಹೀಗೆ ಪ್ರತಿರಾತ್ರಿ ಗಮನಿಸುವವರು ಕುಳಿತಿರುವುದು ಬೆಂಗಳೂರಿನ ಹೊರವಲಯದ ಬೆಳಕಿನ ಕೆಳಗೆ.

ಜನಸಾಮಾನ್ಯರಲ್ಲಿ ಆಕಾಶದ ಆಸಕ್ತಿಯನ್ನು ಬೆಳೆಸುವಲ್ಲಿ 1989ರಲ್ಲಿ ಆರಂಭವಾದ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ, ನಗರದ ಹವ್ಯಾಸಿ ಖಗೋಳ ಸಂಘಗಳು, ಹಾಗೂ ಜಿ. ಟಿ. ನಾರಾಯಣ ರಾವ್, ಬಿ. ಎಸ್. ಶೈಲಜಾ ಮುಂತಾದವರ ಕನ್ನಡ ಬರಹಗಳು ಮಹತ್ವದ ಪಾತ್ರ ವಹಿಸಿವೆ. 1980ರ ಫೆಬ್ರವರಿ 16ರಂದು ಉತ್ತರ ಕರ್ನಾಟಕದ ಮೂಲಕ ಹಾದುಹೋದ ಸಂಪೂರ್ಣ ಸೂರ್ಯಗ್ರಹಣ, 2019ರ ಡಿಸೆಂಬರ್ 26ರಂದು ಕಾಸರಗೋಡು, ಕೊಡಗು ಭಾಗಗಳಲ್ಲಿ ಕಂಡ ಕಂಕಣ ಸೂರ್ಯಗ್ರಹಣ, 2024ರ ಸೆಪ್ಟೆಂಬರ್ ಕೊನೆಯಲ್ಲಿ ಮುಂಜಾನೆಯ ಪೂರ್ವ ದಿಗಂತದಲ್ಲಿ ತೋರಿದ ಸುಚಿನ್‌ಶಾನ್–ಅಟ್ಲಾಸ್ ಧೂಮಕೇತು, ಇವೆಲ್ಲ ಹಲವರು ಕ್ಯಾಮರಾವನ್ನು ಆಕಾಶದತ್ತ ತಿರುಗಿಸಿದ ಸಂದರ್ಭಗಳು.

## ಕತ್ತಲೆಯ ಅಳತೆ

ದೀಪಗಳಿಂದ ಮೇಲಕ್ಕೆ ಚಿಮ್ಮಿದ ಬೆಳಕು ಗಾಳಿಯ ಅಣುಗಳು, ಧೂಳು ಮತ್ತು ತೇವಾಂಶದ ಕಣಗಳಿಗೆ ತಾಗಿ ಚದುರಿ ಮತ್ತೆ ನೆಲದತ್ತ ಬರುತ್ತದೆ. ಇದರಿಂದ ಆಕಾಶವೇ ಹೊಳೆಯತೊಡಗುತ್ತದೆ. ಇದನ್ನು ಬೆಳಕಿನ ಮಾಲಿನ್ಯ ಎನ್ನುತ್ತಾರೆ. ನಕ್ಷತ್ರಗಳ ಬೆಳಕು ನಗರದಲ್ಲಿ ಕಡಿಮೆಯಾಗುವುದಿಲ್ಲ. ಅವುಗಳ ಹಿನ್ನೆಲೆ ಬೆಳಗುವುದರಿಂದ ಅವು ಮರೆಯಾಗುತ್ತವೆ.

ಕತ್ತಲೆಯನ್ನು ಎರಡು ರೀತಿಯಲ್ಲಿ ಅಳೆಯುವುದು ವಾಡಿಕೆ. ಮೊದಲನೆಯದು ಬಾರ್ಟಲ್ ಮಾನ. ಅಮೆರಿಕದ ಹವ್ಯಾಸಿ ವೀಕ್ಷಕ ಜಾನ್ ಬಾರ್ಟಲ್ 2001ರಲ್ಲಿ ಪ್ರಕಟಿಸಿದ ಈ ಮಾನದಲ್ಲಿ 9 ದರ್ಜೆಗಳಿವೆ. 1ನೆಯ ದರ್ಜೆ ಅತ್ಯಂತ ಕತ್ತಲೆಯ ಆಕಾಶ, 9ನೆಯದು ಮಹಾನಗರದ ನಡುಭಾಗ. ಎರಡನೆಯದು ಉಪಕರಣದ ಅಳತೆ. ಆಕಾಶದ ಒಂದು ಚದರ ಸೆಕೆಂಡ್ ಕೋನದಷ್ಟು ಭಾಗದ ಹೊಳಪನ್ನು ಕಾಂತಿಮಾನದಲ್ಲಿ ಹೇಳುವುದು. ಇಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಕತ್ತಲೆ ಹೆಚ್ಚು. ಮಹಾನಗರಗಳ ಆಕಾಶ ಸುಮಾರು 18ರಷ್ಟಿದ್ದರೆ, ಒಳ್ಳೆಯ ಹಳ್ಳಿಗಾಡಿನ ಆಕಾಶ 21.5ರಷ್ಟಿರುತ್ತದೆ. ಕೃತಕ ಬೆಳಕೇ ಇಲ್ಲದ ಕಡೆ ಇದು 22ರ ಸಮೀಪಕ್ಕೆ ಹೋಗುತ್ತದೆ.

18 ಮತ್ತು 21.5ರ ನಡುವಣ ಅಂತರ ಕೇವಲ ಮೂರೂವರೆ ಎಂದು ತೋರಬಹುದು. ಆದರೆ ಕಾಂತಿಮಾನವು ಗುಣೋತ್ತರದ ಮಾನವಾದ್ದರಿಂದ, ಹೊಳಪಿನಲ್ಲಿ ಇದು ಸುಮಾರು 25 ಪಟ್ಟು ವ್ಯತ್ಯಾಸ. ಮಸುಕಾದ ನೀಹಾರಿಕೆಯೊಂದನ್ನು ಹಿನ್ನೆಲೆಯಿಂದ ಬೇರ್ಪಡಿಸಿ ತೋರಿಸಲು ಬೇಕಾಗುವ ಕಾಲವೂ ಹೆಚ್ಚುಕಡಿಮೆ ಇದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಕತ್ತಲ ತಾಣದಲ್ಲಿ ಒಂದು ಗಂಟೆಯಲ್ಲಿ ದೊರೆಯುವ ಚಿತ್ರಕ್ಕೆ ನಗರದ ಮನೆಯ ತಾರಸಿಯಲ್ಲಿ ಅದೇ ಕ್ಯಾಮರಾದೊಂದಿಗೆ 25 ಗಂಟೆ ಬೇಕು ಎಂದು ಸ್ಥೂಲವಾಗಿ ಹೇಳಬಹುದು. ಹೆಚ್ಚು ಬೆಲೆಯ ಉಪಕರಣ ಈ ಅಂತರವನ್ನು ತುಂಬಲಾರದು, ಪ್ರಯಾಣ ತುಂಬಬಲ್ಲದು.

## ಬೆಂಗಳೂರಿನ ಬೆಳಕು ಮತ್ತು ದೂರದ ಲೆಕ್ಕ

1882ರಲ್ಲಿ ಆಂಗ್ಲೋ-ಇಂಡಿಯನ್ನರ ವಸಾಹತಾಗಿ ರೂಪುಗೊಂಡ ವೈಟ್‌ಫೀಲ್ಡ್ 1990ರ ದಶಕದವರೆಗೂ ತೋಟಗಳ ನಡುವಣ ಊರಾಗಿತ್ತು. ಎಲೆಕ್ಟ್ರಾನಿಕ್ ಸಿಟಿಯನ್ನು 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಆರಂಭಿಸಿತು. ಪೀಣ್ಯ ಕೈಗಾರಿಕಾ ಪ್ರದೇಶವೂ ಅದೇ ದಶಕದಲ್ಲಿ ಬೆಳೆಯಿತು. ಆಗ ಇವು ನಗರದ ಅಂಚಿನಾಚೆಯ ನೆಲೆಗಳು. ಇಂದು ರಾತ್ರಿ ಪಾಳಿಯ ಕಚೇರಿ, ಕಾರ್ಖಾನೆಯ ಅಂಗಳ, ಮೇಲ್ಸೇತುವೆ, ಜಾಹೀರಾತು ಫಲಕ, ವಸತಿ ಸಮುಚ್ಚಯಗಳ ದೀಪಗಳಿಂದ ಇವೇ ನಗರದ ಬೆಳಕಿನ ಮುಖ್ಯ ಮೂಲಗಳಲ್ಲಿ ಸೇರಿವೆ.

ನಗರದ ಹೊಳಪು ದೂರದೊಂದಿಗೆ ಹೇಗೆ ಕುಗ್ಗುತ್ತದೆ ಎಂಬುದಕ್ಕೆ 1970ರ ದಶಕದಲ್ಲಿ ಅಮೆರಿಕದ ಖಗೋಳಜ್ಞ ಮೆರ್ಲ್ ವಾಕರ್ ಒಂದು ಸರಳ ನಿಯಮವನ್ನು ಕೊಟ್ಟರು. ಆಕಾಶದ ಕೃತಕ ಹೊಳಪು ನಗರದ ಜನಸಂಖ್ಯೆಗೆ ಅನುಪಾತದಲ್ಲಿದ್ದು, ದೂರದ ಎರಡೂವರೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಅಂದರೆ ದೂರ ಇಮ್ಮಡಿಯಾದರೆ ಹೊಳಪು ಆರರಲ್ಲೊಂದು ಪಾಲಿನ ಸಮೀಪಕ್ಕೆ ಬರುತ್ತದೆ.

ಈ ನಿಯಮವನ್ನು ತಿರುಗಿಸಿ ನೋಡಿದರೆ ನಗರದ ಬೆಳವಣಿಗೆಯ ಬೆಲೆ ತಿಳಿಯುತ್ತದೆ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರ ಜನಗಣತಿಯಲ್ಲಿ ಸುಮಾರು 65 ಲಕ್ಷ. 2011ರಲ್ಲಿ ಸುಮಾರು 96 ಲಕ್ಷ. ವಾಕರ್ ನಿಯಮದಂತೆ, 2001ರಲ್ಲಿ 75 ಕಿಲೋಮೀಟರ್ ದೂರದಲ್ಲಿ ದೊರೆಯುತ್ತಿದ್ದ ಕತ್ತಲೆಗಾಗಿ 2011ರಲ್ಲಿ ಸುಮಾರು 88 ಕಿಲೋಮೀಟರ್ ಹೋಗಬೇಕಾಗುತ್ತದೆ. ದಾರಿಯ ಊರುಗಳೂ ಬೆಳೆದಿರುವುದರಿಂದ ವಾಸ್ತವದ ದೂರ ಇದಕ್ಕೂ ಹೆಚ್ಚು.

ದೂರದಷ್ಟೇ ಮುಖ್ಯವಾದುದು ದಿಕ್ಕು. ನಗರದ ಬೆಳಕು ದಿಗಂತದ ಮೇಲೆ ಗುಮ್ಮಟದಂತೆ ನಿಲ್ಲುತ್ತದೆ. ಚಿತ್ರಿಸಬೇಕಾದ ಕಾಯವು ಆ ಗುಮ್ಮಟದ ವಿರುದ್ಧ ದಿಕ್ಕಿನಲ್ಲಿರಬೇಕು. ಪೀಣ್ಯದಿಂದ ತುಮಕೂರು ರಸ್ತೆಯಲ್ಲಿ ಸಾಗಿದವರಿಗೆ ಬೆಂಗಳೂರು ಆಗ್ನೇಯಕ್ಕೆ ಉಳಿಯುತ್ತದೆ. ಆಕಾಶಗಂಗೆಯ ಕೇಂದ್ರಭಾಗ ಉದಯಿಸುವುದೂ ಆಗ್ನೇಯದಲ್ಲೇ. ಹೀಗಾಗಿ ತುಮಕೂರು, ಮಧುಗಿರಿ ಕಡೆಯ ಬೆಟ್ಟಗಳು ಉತ್ತರದ ಆಕಾಶಕ್ಕೆ, ಉದಾಹರಣೆಗೆ ದೇವಯಾನಿ ಗೆಲಾಕ್ಸಿಗೆ, ಹೆಚ್ಚು ಒಪ್ಪುತ್ತವೆ. ಆಕಾಶಗಂಗೆಯ ಕೇಂದ್ರಕ್ಕೂ ದಕ್ಷಿಣದ ಕಾಯಗಳಿಗೂ ಕನಕಪುರದಾಚೆ ಕೊಳ್ಳೇಗಾಲದ ದಿಕ್ಕು ಲೇಸು. ಪೂರ್ವಕ್ಕೆ ಹೊಸಕೋಟೆಯನ್ನು ದಾಟಿ ಕೋಲಾರ, ಮುಳಬಾಗಿಲು ಕಡೆಗೆ ಹೋದರೆ ನಗರವು ಪಶ್ಚಿಮಕ್ಕೆ ಉಳಿದು, ಉದಯಿಸುವ ಕಾಯಗಳಿಗೆ ಅನುಕೂಲವಾಗುತ್ತದೆ. ಆದರೆ ನರಸಾಪುರ, ಮಾಲೂರುಗಳ ಕೈಗಾರಿಕಾ ದೀಪಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಳ್ಳಿಗಾಡೆಂದ ಮಾತ್ರಕ್ಕೆ ಕತ್ತಲೆ ಖಚಿತವಲ್ಲ. ಸೇವಂತಿಗೆ ಗಿಡ ರಾತ್ರಿ ದೀರ್ಘವಾದಾಗ ಹೂಬಿಡುವ ಜಾತಿಗೆ ಸೇರಿದ್ದು. ಹೂಬಿಡುವ ಕಾಲವನ್ನು ಮುಂದೂಡಿ ಮಾರುಕಟ್ಟೆಗೆ ಹೊಂದಿಸಲು ಬೆಂಗಳೂರಿನ ಸುತ್ತಲಿನ ಬೆಳೆಗಾರರು ಹೊಲಗಳಲ್ಲಿ ಸಾಲಾಗಿ ಬಲ್ಬುಗಳನ್ನು ಉರಿಸುವುದುಂಟು. ಅಂತಹ ಒಂದು ಹೊಲ ಪಕ್ಕದಲ್ಲಿದ್ದರೆ ನೂರು ಕಿಲೋಮೀಟರ್ ದೂರದ ತಾಣವೂ ಪ್ರಯೋಜನಕ್ಕೆ ಬಾರದು. ಆದ್ದರಿಂದ ತಾಣವನ್ನು ಹಗಲಿನಲ್ಲಿ ನೋಡಿ ಬರುವುದಲ್ಲದೆ, ಒಮ್ಮೆ ರಾತ್ರಿಯೂ ಪರೀಕ್ಷಿಸಬೇಕು.

## ಅಕ್ಷಾಂಶದ ಅನುಕೂಲ

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಯುರೋಪ್ ಮತ್ತು ಉತ್ತರ ಅಮೆರಿಕದ ಹೆಚ್ಚಿನ ಹವ್ಯಾಸಿಗಳಿಗೆ ಎಂದೂ ಉದಯಿಸದ ಅನೇಕ ಕಾಯಗಳು ಇಲ್ಲಿ ದಕ್ಷಿಣ ದಿಗಂತದ ಮೇಲೆ ಬರುತ್ತವೆ.

- ಒಮೆಗಾ ಸೆಂಟಾರಿ ಎಂಬ ಬೃಹತ್ ಗೋಳಾಕಾರದ ನಕ್ಷತ್ರಗುಚ್ಛವು ಏಪ್ರಿಲ್ ನಡುವಿನ ನಡುರಾತ್ರಿಯಲ್ಲಿ ಸುಮಾರು 30 ಡಿಗ್ರಿ ಎತ್ತರಕ್ಕೆ ಏರುತ್ತದೆ.
- ತ್ರಿಶಂಕು ನಕ್ಷತ್ರಪುಂಜ ಮತ್ತು ಕರೀನಾ ನೀಹಾರಿಕೆ ಸುಮಾರು 17 ಡಿಗ್ರಿ ಎತ್ತರ ತಲುಪುತ್ತವೆ. ಮಾರ್ಚ್‌ನಿಂದ ಮೇವರೆಗೆ ಇವನ್ನು ಚಿತ್ರಿಸಬಹುದು.
- ದೊಡ್ಡ ಮೆಗಲನ್ ಮೇಘವೆಂಬ ನೆರೆಯ ಗೆಲಾಕ್ಸಿಯು ಜನವರಿಯಲ್ಲಿ ಕೇವಲ 7 ಡಿಗ್ರಿ ಎತ್ತರದಲ್ಲಿ ದಕ್ಷಿಣೋತ್ತರ ರೇಖೆಯನ್ನು ದಾಟುತ್ತದೆ. ಇದಕ್ಕೆ ದಕ್ಷಿಣ ದಿಗಂತ ಪೂರ್ಣವಾಗಿ ತೆರೆದಿರುವ ಬೆಟ್ಟ ಬೇಕು.
- ಆಕಾಶಗಂಗೆಯ ಕೇಂದ್ರವು ಸುಮಾರು 48 ಡಿಗ್ರಿಯವರೆಗೆ ಏರುತ್ತದೆ.

ಅನುಕೂಲದೊಂದಿಗೆ ಒಂದು ತೊಡಕೂ ಇದೆ. ಧ್ರುವ ನಕ್ಷತ್ರದ ಎತ್ತರವು ಸ್ಥಳದ ಅಕ್ಷಾಂಶದಷ್ಟೇ ಇರುತ್ತದೆ. ಭೂಭ್ರಮಣಕ್ಕೆ ಎದುರಾಗಿ ಕ್ಯಾಮರಾವನ್ನು ತಿರುಗಿಸುವ ಯಂತ್ರದ ಅಕ್ಷವನ್ನು ಧ್ರುವದತ್ತ ನಿಲ್ಲಿಸಬೇಕಾಗುತ್ತದೆ. ಇಲ್ಲಿ ಧ್ರುವ ಕೇವಲ 13 ಡಿಗ್ರಿ ಎತ್ತರದಲ್ಲಿರುವುದರಿಂದ ಮರ, ಗುಡ್ಡ, ಮಬ್ಬುಗಳು ಅದನ್ನು ಸುಲಭವಾಗಿ ಮರೆಮಾಡುತ್ತವೆ. ಬಿಡಾರ ಹೂಡುವಾಗ ದಕ್ಷಿಣದೊಂದಿಗೆ ಉತ್ತರ ದಿಗಂತವೂ ತೆರೆದಿದೆಯೇ ಎಂದು ನೋಡುವುದು ಅಗತ್ಯ.

## ಋತು ಮತ್ತು ತಿಥಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು, ಅಕ್ಟೋಬರ್–ನವೆಂಬರ್‌ಗಳಲ್ಲಿ ಹಿಂಗಾರು ಇರುವುದರಿಂದ ದಕ್ಷಿಣ ಕರ್ನಾಟಕದಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಅವಧಿಯೇ ಮುಖ್ಯ ಕಾಲ. ಆಕಾಶಗಂಗೆಯ ಕೇಂದ್ರ ಸಂಜೆಯ ಹೊತ್ತಿಗೇ ಎತ್ತರದಲ್ಲಿರುವ ಜುಲೈ–ಆಗಸ್ಟ್ ತಿಂಗಳುಗಳು ಇಲ್ಲಿ ಮೋಡದ ಪಾಲು. ಆದಕಾರಣ ಕರ್ನಾಟಕದ ಹವ್ಯಾಸಿಗಳು ಅದನ್ನು ಬೇಸಿಗೆಯ ಬೆಳಗಿನ ಜಾವದಲ್ಲಿ ಹಿಡಿಯಬೇಕಾಗುತ್ತದೆ. ಫೆಬ್ರವರಿ ಕೊನೆಯಲ್ಲಿ ಅದು ರಾತ್ರಿ ಎರಡು–ಮೂರು ಗಂಟೆಗಳ ನಡುವೆ ಉದಯಿಸುತ್ತದೆ. ಏಪ್ರಿಲ್ ನಡುವಿನಲ್ಲಿ ಹನ್ನೊಂದು ಗಂಟೆಯ ಸುಮಾರಿಗೆ.

ಚಂದ್ರನ ಬೆಳಕೂ ಆಕಾಶವನ್ನು ಬೆಳಗುತ್ತದೆ. ಇದರ ಲೆಕ್ಕಕ್ಕೆ ಮನೆಯ ಗೋಡೆಯ ಪಂಚಾಂಗವೇ ಸಾಕು. ಶುಕ್ಲ ಅಷ್ಟಮಿಯ ಚಂದ್ರ ನಡುರಾತ್ರಿಯ ಹೊತ್ತಿಗೆ ಮುಳುಗುತ್ತಾನೆ. ಆಮೇಲೆ ಬೆಳಗಿನವರೆಗೆ ಕತ್ತಲೆ. ಬಹುಳ ಅಷ್ಟಮಿಯ ಚಂದ್ರ ನಡುರಾತ್ರಿಗೆ ಉದಯಿಸುತ್ತಾನೆ, ಅಲ್ಲಿಯವರೆಗೆ ಕತ್ತಲೆ. ಹೀಗಾಗಿ ಬೆಳಗಿನ ಜಾವದ ಆಕಾಶಗಂಗೆಗೆ ಶುಕ್ಲಪಕ್ಷದ ಮೊದಲರ್ಧವೂ, ಸಂಜೆಯ ಮಹಾವ್ಯಾಧ ನೀಹಾರಿಕೆಗೆ ಬಹುಳಪಕ್ಷದ ಉತ್ತರಾರ್ಧವೂ ಒದಗುತ್ತವೆ. ಮಾಘ ಬಹುಳ ಚತುರ್ದಶಿಯಂದು ಬರುವ ಮಹಾಶಿವರಾತ್ರಿಯು ಒಣಹವೆಯ ಕಾಲದಲ್ಲಿದ್ದು, ಬಹುಪಾಲು ಚಂದ್ರನಿಲ್ಲದ ರಾತ್ರಿಯಾದ್ದರಿಂದ, ಜಾಗರಣೆಯ ಆ ರಾತ್ರಿ ಛಾಯಾಗ್ರಾಹಕರಿಗೂ ವರ್ಷದ ಒಳ್ಳೆಯ ರಾತ್ರಿಗಳಲ್ಲೊಂದು. ಯುಗಾದಿಯ ಹಿಂದಿನ ಅಮಾವಾಸ್ಯೆಯೂ ಅಂಥದೇ.

## ಉಪಕರಣ ಮತ್ತು ವಿಧಾನ

ಆರಂಭಿಕರಿಗೆ ಒಡ್ಡುಕಾಲವನ್ನು ಕೈಯಿಂದ ಹೊಂದಿಸಬಹುದಾದ ಕ್ಯಾಮರಾ, ಅಗಲ ನೋಟದ ಲೆನ್ಸ್, ಅಲುಗದ ಟ್ರೈಪಾಡ್ ಇಷ್ಟು ಸಾಕು. ಭೂಮಿಯ ಭ್ರಮಣದಿಂದ ಆಕಾಶವು ಗಂಟೆಗೆ 15 ಡಿಗ್ರಿ ಸರಿಯುವುದರಿಂದ ಒಡ್ಡುಕಾಲ ಹೆಚ್ಚಾದರೆ ನಕ್ಷತ್ರಗಳು ಗೆರೆಗಳಾಗುತ್ತವೆ. ಇದಕ್ಕೆ ಬಳಕೆಯಲ್ಲಿರುವ ಸ್ಥೂಲ ಸೂತ್ರವೆಂದರೆ 500ನ್ನು ಲೆನ್ಸಿನ ನಾಭಿದೂರದಿಂದ ಭಾಗಿಸುವುದು. 20 ಮಿ.ಮೀ. ಲೆನ್ಸಿಗೆ 25 ಸೆಕೆಂಡು ದೊರೆಯುತ್ತದೆ. ಸಂವೇದಕ ಚಿಕ್ಕದಾಗಿದ್ದರೆ ಅಥವಾ ಚಿತ್ರ ಹೆಚ್ಚು ಸೂಕ್ಷ್ಮವಾಗಿರಬೇಕಾದರೆ ಇದನ್ನು ಇನ್ನಷ್ಟು ಕಡಿಮೆ ಮಾಡಬೇಕು. ಉದ್ದ ನಾಭಿದೂರದ ಲೆನ್ಸ್ ಅಥವಾ ದೂರದರ್ಶಕ ಬಳಸುವವರಿಗೆ ಆಕಾಶವನ್ನು ಹಿಂಬಾಲಿಸುವ ಟ್ರ್ಯಾಕರ್ ಅನಿವಾರ್ಯ.

ಒಂದೇ ದೀರ್ಘ ಚಿತ್ರದ ಬದಲು ಹಲವು ಕಿರು ಚಿತ್ರಗಳನ್ನು ತೆಗೆದು ಗಣಕದಲ್ಲಿ ಒಂದರ ಮೇಲೊಂದು ಕೂಡಿಸುವ ಪದ್ಧತಿಗೆ ಸ್ಟ್ಯಾಕಿಂಗ್ ಎಂದು ಹೆಸರು. ಚಿತ್ರದಲ್ಲಿನ ನಿಜವಾದ ಬೆಳಕು ಪ್ರತಿ ಬಾರಿಯೂ ಅದೇ ಜಾಗದಲ್ಲಿ ಬೀಳುತ್ತದೆ. ಸಂವೇದಕದ ಗೊಂದಲ ಪ್ರತಿ ಬಾರಿಯೂ ಬೇರೆಯಾಗಿರುತ್ತದೆ. ಆದ್ದರಿಂದ 100 ಚಿತ್ರಗಳನ್ನು ಕೂಡಿಸಿದಾಗ ಸ್ಪಷ್ಟತೆ ಹತ್ತು ಪಟ್ಟು ಹೆಚ್ಚುತ್ತದೆ. ಇವುಗಳೊಂದಿಗೆ ಲೆನ್ಸಿನ ಮುಚ್ಚಳ ಹಾಕಿ ಅಷ್ಟೇ ಅವಧಿಯ ಕತ್ತಲೆ ಚಿತ್ರಗಳನ್ನೂ, ಸಮನಾದ ಬೆಳಕಿನ ಮೇಲ್ಮೈಯ ಚಿತ್ರಗಳನ್ನೂ ತೆಗೆದು ಸಂವೇದಕ ಮತ್ತು ಲೆನ್ಸಿನ ದೋಷಗಳನ್ನು ಕಳೆಯಲಾಗುತ್ತದೆ. ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಎಂಬ ತಂತ್ರಾಂಶಗಳು ಈ ಕೆಲಸಕ್ಕೂ, ಸ್ಟೆಲೇರಿಯಂ ಎಂಬುದು ಆಕಾಶದ ನಕ್ಷೆಗೂ ಉಚಿತವಾಗಿ ದೊರೆಯುತ್ತವೆ.

ಬೆಂಗಳೂರಿನ ಸುತ್ತಲಿನ ಚಳಿಗಾಲದ ರಾತ್ರಿಗಳಲ್ಲಿ ಲೆನ್ಸಿನ ಮೇಲೆ ಇಬ್ಬನಿ ಕೂರುವುದು ಸಾಮಾನ್ಯ ತೊಂದರೆ. ಲೆನ್ಸಿನ ಸುತ್ತ ಕಟ್ಟುವ ಬಿಸಿಪಟ್ಟಿಯಿಂದ ಇದನ್ನು ತಡೆಯುತ್ತಾರೆ.

## ನಗರದೊಳಗಿನಿಂದ ಸಾಧ್ಯವಾಗುವುದು

ಚಂದ್ರ ಮತ್ತು ಗ್ರಹಗಳು ಸ್ವತಃ ಪ್ರಕಾಶಮಾನವಾದ್ದರಿಂದ ಅವುಗಳಿಗೆ ಕತ್ತಲ ತಾಣ ಬೇಕಿಲ್ಲ. ಗುರುವಿನ ಪಟ್ಟಿಗಳು, ಶನಿಯ ಬಳೆ, ಚಂದ್ರನ ಕುಳಿಗಳನ್ನು ವೈಟ್‌ಫೀಲ್ಡಿನ ತಾರಸಿಯಿಂದಲೂ ಚೆನ್ನಾಗಿ ಚಿತ್ರಿಸಬಹುದು. ಸಾವಿರಾರು ಬಿಂಬಗಳ ವಿಡಿಯೊ ತೆಗೆದು, ಗಾಳಿಯ ಕಂಪನ ಕಡಿಮೆಯಿದ್ದ ಕ್ಷಣಗಳ ಬಿಂಬಗಳನ್ನು ಮಾತ್ರ ಆರಿಸಿ ಕೂಡಿಸುವುದು ಇದರ ವಿಧಾನ. ಸೂರ್ಯನ ಚಿತ್ರಕ್ಕೆ ದೂರದರ್ಶಕದ ಮುಂಭಾಗದಲ್ಲಿ ಯೋಗ್ಯವಾದ ಸೌರ ಶೋಧಕ ಕಡ್ಡಾಯ. ಇಲ್ಲವಾದರೆ ಕಣ್ಣಿಗೂ ಕ್ಯಾಮರಾಗೂ ಶಾಶ್ವತ ಹಾನಿಯಾಗುತ್ತದೆ.

ಕೆಲವು ನೀಹಾರಿಕೆಗಳನ್ನೂ ನಗರದಿಂದ ಚಿತ್ರಿಸಲು ಸಾಧ್ಯ. ಅವು ಹೈಡ್ರೋಜನ್ನಿನ 656.3 ನ್ಯಾನೊಮೀಟರ್, ಆಮ್ಲಜನಕದ 500.7 ನ್ಯಾನೊಮೀಟರ್‌ನಂತಹ ನಿರ್ದಿಷ್ಟ ತರಂಗಾಂತರಗಳಲ್ಲಿ ಬೆಳಗುವುದರಿಂದ, ಅವನ್ನಷ್ಟೇ ಒಳಬಿಡುವ ಕಿರುಪಟ್ಟಿಯ ಶೋಧಕಗಳು ನಗರದ ಬೆಳಕಿನ ಬಹುಭಾಗವನ್ನು ತಡೆಯುತ್ತವೆ. ಹಿಂದಿನ ಸೋಡಿಯಂ ದೀಪಗಳ ಹಳದಿ ಬೆಳಕು ವರ್ಣಪಟಲದ ಸೀಮಿತ ಭಾಗದಲ್ಲಿ ಹೆಚ್ಚಾಗಿತ್ತು. ಅದನ್ನು ಸಾಧಾರಣ ಶೋಧಕದಿಂದಲೂ ಸಾಕಷ್ಟು ಕಳೆಯಬಹುದಾಗಿತ್ತು. ಈಗಿನ ಬಿಳಿ ಎಲ್‌ಇಡಿ ದೀಪಗಳ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿದೆ. ಅದರ ನೀಲಿ ಭಾಗ ಗಾಳಿಯಲ್ಲಿ ಹೆಚ್ಚು ಚದುರುತ್ತದೆ. ನಕ್ಷತ್ರಗಳೂ ಗೆಲಾಕ್ಸಿಗಳೂ ಎಲ್ಲ ಬಣ್ಣಗಳಲ್ಲಿ ಬೆಳಗುವುದರಿಂದ ಅವಕ್ಕೆ ಯಾವ ಶೋಧಕವೂ ಕತ್ತಲೆಗೆ ಬದಲಿಯಾಗಲಾರದು.

## ತಾಣದಲ್ಲಿ ಪಾಲಿಸಬೇಕಾದ ಕ್ರಮ

ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಒಂದು ಕ್ಷಣದ ಬಿಳಿ ಬೆಳಕು ಅದನ್ನು ಕೆಡಿಸುತ್ತದೆ. ಆದ್ದರಿಂದ ತಾಣದಲ್ಲಿ ಮಂದವಾದ ಕೆಂಪು ದೀಪವನ್ನಷ್ಟೇ ಬಳಸುವ, ವಾಹನವನ್ನು ನಿಲ್ಲಿಸಿದ ಮೇಲೆ ಅದರ ದೀಪಗಳನ್ನು ಬೆಳಗಿಸದಿರುವ ರೂಢಿಯಿದೆ. ಜಮೀನಿನ ಒಡೆಯರ ಒಪ್ಪಿಗೆಯಿಲ್ಲದೆ ಹೊಲದಲ್ಲಿ ಬಿಡಾರ ಹೂಡಬಾರದು. ಅಪರಿಚಿತರು ರಾತ್ರಿಯಿಡೀ ಉಪಕರಣಗಳೊಂದಿಗೆ ಕುಳಿತಿರುವುದು ಊರವರಿಗೆ ಸಂಶಯ ಹುಟ್ಟಿಸಬಹುದಾದ್ದರಿಂದ ಮುಂಚಿತವಾಗಿ ತಿಳಿಸುವುದು ಕ್ಷೇಮ.

ಕನಕಪುರ, ಕೊಳ್ಳೇಗಾಲ ಭಾಗಗಳ ಕಾಡಂಚಿನಲ್ಲಿ ಆನೆಗಳ ಸಂಚಾರವಿದೆ. ಮೀಸಲು ಅರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ರಾತ್ರಿಯಿಡೀ ಎಚ್ಚರವಿದ್ದವರು ತಕ್ಷಣವೇ ವಾಹನ ಚಲಾಯಿಸದೆ, ತುಸು ನಿದ್ರಿಸಿ ಹೊರಡುವುದು ಎಲ್ಲಕ್ಕಿಂತ ಮುಖ್ಯವಾದ ಸುರಕ್ಷತಾ ಕ್ರಮ.

## ಕತ್ತಲೆಯ ಸಂರಕ್ಷಣೆ

2016ರಲ್ಲಿ ಪ್ರಕಟವಾದ ಜಾಗತಿಕ ನಕ್ಷೆಯೊಂದರ ಪ್ರಕಾರ, ಪ್ರಪಂಚದ ಶೇಕಡಾ 80ಕ್ಕೂ ಹೆಚ್ಚು ಜನ ಬೆಳಕಿನಿಂದ ಕೆಟ್ಟ ಆಕಾಶದ ಕೆಳಗೆ ಬದುಕುತ್ತಿದ್ದಾರೆ. ಮೂರರಲ್ಲೊಂದು ಪಾಲು ಜನರಿಗೆ ಆಕಾಶಗಂಗೆ ಕಾಣುವುದಿಲ್ಲ. ಜನಸಾಮಾನ್ಯರ ವೀಕ್ಷಣೆಗಳನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು 2011–2022ರ ನಡುವೆ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇಕಡಾ 9.6ರಷ್ಟು ಏರಿದೆ ಎಂದು ಅಂದಾಜಿಸಿತು. ಈ ವೇಗದಲ್ಲಿ ಎಂಟು ವರ್ಷಗಳೊಳಗೆ ಹೊಳಪು ಇಮ್ಮಡಿಯಾಗುತ್ತದೆ.

ಇದಕ್ಕೆ ವಿರುದ್ಧವಾದ ಪ್ರಯತ್ನಗಳೂ ನಡೆದಿವೆ. ಹಾನ್ಲೆಯ ಸುತ್ತಲಿನ ಪ್ರದೇಶವನ್ನು 2022ರ ಡಿಸೆಂಬರ್‌ನಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಅಧಿಸೂಚಿಸಲಾಯಿತು. ಅಲ್ಲಿನ ಹಳ್ಳಿಗರು ಕಿಟಕಿಗಳಿಗೆ ದಪ್ಪ ಪರದೆ, ದೀಪಗಳಿಗೆ ಮರೆ ಬಳಸುತ್ತಾರೆ. ಪ್ರವಾಸಿಗರಿಗೆ ಆಕಾಶ ತೋರಿಸುವುದರಿಂದ ಅವರಿಗೆ ಆದಾಯವೂ ಇದೆ. ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶವು 2024ರಲ್ಲಿ ಡಾರ್ಕ್‌ಸ್ಕೈ ಇಂಟರ್‌ನ್ಯಾಷನಲ್ ಸಂಸ್ಥೆಯ ಮಾನ್ಯತೆ ಪಡೆಯಿತು.

ನೀರಿನ ಅಥವಾ ಮಣ್ಣಿನ ಮಾಲಿನ್ಯವನ್ನು ತೆಗೆಯಲು ವರ್ಷಗಳು ಬೇಕಾಗುತ್ತವೆ. ಬೆಳಕಿನ ಮಾಲಿನ್ಯ ದೀಪ ಆರಿದೊಡನೆ ಇಲ್ಲವಾಗುತ್ತದೆ. ದೀಪದ ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮೇಲೆ ಮುಚ್ಚಳ ಹಾಕುವುದು, ಅಗತ್ಯವಿದ್ದಷ್ಟೇ ಪ್ರಕಾಶವನ್ನು ಬಳಸುವುದು, ನೀಲಿ ಛಾಯೆಯ ಬಿಳಿ ದೀಪದ ಬದಲು 3000 ಕೆಲ್ವಿನ್‌ಗಿಂತ ಕಡಿಮೆಯ ಬೆಚ್ಚನೆಯ ಬಣ್ಣದ ದೀಪವನ್ನು ಆರಿಸುವುದು, ಕೆಲಸ ಮುಗಿದ ಅಂಗಳದ ಮತ್ತು ಜಾಹೀರಾತು ಫಲಕದ ದೀಪಗಳನ್ನು ನಡುರಾತ್ರಿಯ ನಂತರ ಆರಿಸುವುದು ಇದರ ಮುಖ್ಯ ಉಪಾಯಗಳು. ಇವುಗಳಿಂದ ರಸ್ತೆಯ ಸುರಕ್ಷತೆಗೆ ಕುಂದಿಲ್ಲ, ವಿದ್ಯುತ್ತೂ ಉಳಿಯುತ್ತದೆ. ಹೊರವಲಯದ ಕಾರ್ಖಾನೆ, ಕಚೇರಿ, ವಸತಿ ಸಮುಚ್ಚಯಗಳು ತಮ್ಮ ಆವರಣದ ಮಟ್ಟಿಗೆ ಇವನ್ನು ಸ್ವತಃ ಜಾರಿಗೆ ತರಬಹುದು.

ಒಂದೇ ತಾಣದಿಂದ, ಒಂದೇ ಕ್ಯಾಮರಾ ಮತ್ತು ಒಂದೇ ಒಡ್ಡುಕಾಲದೊಂದಿಗೆ ವರ್ಷವರ್ಷವೂ ತೆಗೆದ ಚಿತ್ರಗಳ ಹಿನ್ನೆಲೆಯ ಹೊಳಪನ್ನು ಹೋಲಿಸಿದರೆ, ಆ ತಾಣದ ಕತ್ತಲೆ ಎಷ್ಟು ಉಳಿದಿದೆ ಎಂಬುದು ತಿಳಿಯುತ್ತದೆ. ದಿನಾಂಕ, ಸ್ಥಳ ಮತ್ತು ಒಡ್ಡುಕಾಲದ ವಿವರಗಳೊಂದಿಗೆ ಕಾಯ್ದಿಟ್ಟ ಹವ್ಯಾಸಿಯ ಚಿತ್ರವು ಹೀಗೆ ಆಕಾಶದ ದಾಖಲೆಯೂ ಆಗುತ್ತದೆ, ನೆಲದ ದಾಖಲೆಯೂ ಆಗುತ್ತದೆ.